ಟ್ರೀಸೆಟ್ ಬಳಸುವಾಗ ಕಂಪ್ಯಾರೇಟರ್ ಮೇಲೆ ಒಂದು ಕಣ್ಣಿರಲಿ

ಗಡುವಿನ ಕ್ರಮದಲ್ಲಿ ಕೆಲಸಗಳನ್ನು ಇಟ್ಟುಕೊಳ್ಳುವ ಶೆಡ್ಯೂಲರ್‌ಗೆ ನಾನು ಜಾವಾದ ಟ್ರೀಸೆಟ್ ಬಳಸುತ್ತೇನೆ: ಒಂದೇ ವಸ್ತುವನ್ನು ಎರಡು ಸಲ ಇಟ್ಟುಕೊಳ್ಳದೆ, ಎಲ್ಲವನ್ನೂ ಸದಾ ಕ್ರಮದಲ್ಲಿಡುವ ಸಂಗ್ರಹ. ಆ ಕ್ರಮ ಹೇಳುವುದು ಕಂಪ್ಯಾರೇಟರ್, ಅಂದರೆ ಎರಡು ವಸ್ತುಗಳನ್ನು ಹೋಲಿಸಿ ಯಾವುದು ಮೊದಲು ಎಂದು ತೀರ್ಮಾನಿಸುವ ಕೋಡ್. ಮೊದಲ ಕೆಲಸವನ್ನು ಎತ್ತಿಕೊಳ್ಳುವುದಷ್ಟೇ ಆಗಿದ್ದರೆ, ಮೊದಲಿನದನ್ನು ಮಾತ್ರ ಸದಾ ಮುಂದಿಡುವ ಪ್ರಯಾರಿಟಿಕ್ಯೂ ಸಾಕು. ಆದರೆ ನಡುವಿನ ಯಾವುದಾದರೂ ಕೆಲಸ ರದ್ದಾದರೆ ಪ್ರಯಾರಿಟಿಕ್ಯೂ ಅದನ್ನು ಒಂದೊಂದಾಗಿ ಹುಡುಕಬೇಕಾಗುತ್ತದೆ. ಟ್ರೀಸೆಟ್‌ನ ಒಳಗಿರುವುದು ರೆಡ್-ಬ್ಲ್ಯಾಕ್ ಟ್ರೀ, ಅಂದರೆ ಒಂದೇ ಕಡೆ ಉದ್ದವಾಗದಂತೆ ತನ್ನನ್ನು ಸರಿದೂಗಿಸಿಕೊಳ್ಳುವ ಮರ. ಹತ್ತು ಲಕ್ಷ ಕೆಲಸಗಳಿದ್ದರೂ ಬೇಕಾದದ್ದನ್ನು ಹುಡುಕಲು 40 ಹೋಲಿಕೆ ದಾಟುವುದಿಲ್ಲ.

ಇದನ್ನು ಬಳಸುವವರು ಮೊದಲು ತಿಳಿದಿರಬೇಕಾದದ್ದು: ಎರಡು ವಸ್ತುಗಳು ಒಂದೇ ಹೌದೋ ಅಲ್ಲವೋ ಎಂದು ಟ್ರೀಸೆಟ್ 'ಈಕ್ವಲ್ಸ್' ಅನ್ನು ಕೇಳುವುದೇ ಇಲ್ಲ. ಕಂಪ್ಯಾರೇಟರ್ ಸೊನ್ನೆ ಕೊಟ್ಟರೆ ಎರಡೂ ಒಂದೇ. ಗಡುವನ್ನು ಮಾತ್ರ ಹೋಲಿಸುವ ಕಂಪ್ಯಾರೇಟರ್ ಕೊಟ್ಟು, 20ನೇ ನಿಮಿಷಕ್ಕೆ ಎರಡು ಕೆಲಸ ಸೇರಿಸಿ ನೋಡಿ. ಎರಡನೆಯದಕ್ಕೆ 'ಆಡ್' ಸದ್ದಿಲ್ಲದೆ ಫಾಲ್ಸ್ ಕೊಡುತ್ತದೆ, ಕೆಲಸ ಮಾಯ. ಎಕ್ಸೆಪ್ಶನ್ ಇಲ್ಲ, ಲಾಗ್ ಇಲ್ಲ. ಅದಕ್ಕೇ ಕಂಪ್ಯಾರೇಟರ್ ಬರೆಯುವಾಗ ಕೊನೆಗೆ 'ದೆನ್‌ಕಂಪೇರಿಂಗ್' ಹಾಕಿ ಎಂದೂ ಪುನರಾವರ್ತನೆಯಾಗದ ಐಡಿಯನ್ನು ಸೇರಿಸಲೇಬೇಕು. ಲೈಬ್ರರಿಯಲ್ಲೇ ಇದರ ಉದಾಹರಣೆ ಇದೆ: ಬಿಗ್‌ಡೆಸಿಮಲ್‌ನ (ದಶಮಾಂಶ ಸಂಖ್ಯೆಯ ಕ್ಲಾಸ್) 1.0 ಮತ್ತು 1.00, ಈಕ್ವಲ್ಸ್ ನೋಡುವ ಹ್ಯಾಶ್‌ಸೆಟ್‌ಗೆ ಎರಡು ವಸ್ತು, ಟ್ರೀಸೆಟ್‌ಗೆ ಒಂದೇ.

ಒಂದು ಗಡುವಿನಿಂದ ಇನ್ನೊಂದನ್ನು ಕಳೆದು ಹೋಲಿಸುವ ಹಳೆಯ ಚಾಳಿಯನ್ನೂ ಬಿಡಬೇಕು. ಮೈನಸ್ 200 ಕೋಟಿಯಿಂದ 200 ಕೋಟಿ ಕಳೆದರೆ 32 ಬಿಟ್‌ನ ಇಂಟ್ ತುಂಬಿ ಹರಿದು 29,49,67,296 ಎಂಬ ಧನಸಂಖ್ಯೆ ಬರುತ್ತದೆ, ಚಿಕ್ಕದೇ ದೊಡ್ಡದಾಗಿಬಿಡುತ್ತದೆ. 'ಇಂಟಿಜರ್.ಕಂಪೇರ್' ಇರುವುದೇ ಇದಕ್ಕೆ.

ಸೇರಿಸಿದ ಮೇಲೆ ಗಡುವು ಬದಲಾಯಿಸುವುದು ಇನ್ನೂ ಕೆಟ್ಟದ್ದು. 10, 20, 30 ಎಂದು ಮೂರು ಕೆಲಸ ಸೇರಿಸಿದರೆ ಮರದ ಬೇರಿನಲ್ಲಿ (ಹುಡುಕಾಟ ಶುರುವಾಗುವಲ್ಲಿ) 20, ಎಡಕ್ಕೆ 10, ಬಲಕ್ಕೆ 30 ಕೂರುತ್ತವೆ. ಈಗ 30ರ ಗಡುವನ್ನು ನೇರವಾಗಿ 5 ಮಾಡಿ, ಅದನ್ನೇ 'ರಿಮೂವ್' ಮಾಡಲು ಹೋಗಿ. ಹುಡುಕಾಟ 5ನ್ನು 20ರ ಜೊತೆ ಹೋಲಿಸಿ ಎಡಕ್ಕೆ ತಿರುಗುತ್ತದೆ, 10ರ ಎಡಕ್ಕೂ ಇಳಿಯುತ್ತದೆ, ಅಲ್ಲಿ ಏನೂ ಇಲ್ಲ, ಫಾಲ್ಸ್. ವಸ್ತು ಮಾತ್ರ ಬಲಗಡೆ ಹಾಯಾಗಿ ಕೂತಿದೆ. ಲೂಪ್ ಹಾಕಿದರೆ 10, 20, 5 ಎಂದು ಕಾಣಿಸಿಕೊಳ್ಳುತ್ತದೆ, ಕೇಳಿದರೆ ಇಲ್ಲ. ಬದಲಾಯಿಸಬೇಕಿದ್ದರೆ ತೆಗೆ, ಬದಲಾಯಿಸು, ಮತ್ತೆ ಸೇರಿಸು, ಇದೇ ಕ್ರಮ. ನಾನಂತೂ ಕಂಪ್ಯಾರೇಟರ್ ನೋಡುವ ಫೀಲ್ಡ್‌ಗಳನ್ನು ಫೈನಲ್, ಅಂದರೆ ಒಮ್ಮೆ ಇಟ್ಟ ಮೇಲೆ ಬದಲಾಗದಂತೆ, ಮಾಡಿಬಿಡುತ್ತೇನೆ. ಶಿಸ್ತಿನ ಮೇಲೆ ಭರವಸೆ ಇಡುವುದಕ್ಕಿಂತ ಕಂಪೈಲರ್ ಮೇಲೆ ಇಡುವುದು ವಾಸಿ.

ವ್ಯಾಪ್ತಿ ಕೇಳುವ ಮೆಥಡ್‌ಗಳೇ ಇದರ ನಿಜವಾದ ಬಲ. ಗಡಿಯ ಹಿಂದಿನವನ್ನು ಕೊಡುವ 'ಹೆಡ್‌ಸೆಟ್' ಆ ಗಡಿಯನ್ನು ಹೊರಗಿಡುತ್ತದೆ, ಗಡಿಯಿಂದ ಮುಂದಿನವನ್ನು ಕೊಡುವ 'ಟೇಲ್‌ಸೆಟ್' ಒಳಗಿಡುತ್ತದೆ. ಬೇಕಾದಂತೆ ಇಡಲು ಬೂಲಿಯನ್ ಕೊಡುವ ರೂಪಗಳಿವೆ. ಹತ್ತಿರದ ಹಿಂದಿನದನ್ನು ಅಥವಾ ಮುಂದಿನದನ್ನು ಹುಡುಕುವಾಗ 'ಫ್ಲೋರ್', 'ಸೀಲಿಂಗ್' ಸಮಾನವಾದದ್ದನ್ನೂ ಕೊಡುತ್ತವೆ, 'ಲೋಯರ್', 'ಹೈಯರ್' ಕೊಡುವುದಿಲ್ಲ. ತಕ್ಕದ್ದು ಸಿಗದಿದ್ದರೆ ಈ ನಾಲ್ಕೂ ನಲ್ ಕೊಡುತ್ತವೆ, ಆದರೆ ಖಾಲಿ ಸೆಟ್ ಮೇಲೆ 'ಫಸ್ಟ್' ಕರೆದರೆ ನೋಸಚ್‌ಎಲಿಮೆಂಟ್ ಎಕ್ಸೆಪ್ಶನ್. ವ್ಯಾಪ್ತಿ ಕೇಳಿ ಪಡೆದ ಸಬ್‌ಸೆಟ್ ಪ್ರತಿಯಲ್ಲ, ಮೂಲ ಸೆಟ್‌ನ ಮೇಲಿನ ಕಿಟಕಿ: ಅದರ ಮೇಲೆ 'ಕ್ಲಿಯರ್' ಕರೆದರೆ ಮೂಲದಿಂದಲೂ ಆ ಭಾಗ ಹೋಗುತ್ತದೆ. ಗಡುವು ಮೀರಿದವನ್ನೆಲ್ಲ ಒಂದೇ ಸಾಲಿನಲ್ಲಿ ಗುಡಿಸಲು ನಾನು ಬಳಸುವುದು ಇದನ್ನೇ. ಆದರೆ ಆ ಕಿಟಕಿಯ 'ಸೈಜ್' ಒಂದೊಂದನ್ನೂ ಎಣಿಸುತ್ತದೆ. ಲೂಪ್‌ನ ಶರತ್ತಿನಲ್ಲಿ ಇಟ್ಟರೆ ನಿಧಾನ. ಖಾಲಿಯೇ ಎಂದು ತಿಳಿಯಬೇಕಿದ್ದರೆ 'ಈಸ್‌ಎಂಪ್ಟಿ'.

ಪ್ರತಿ ಮಾಡುವಲ್ಲಿ ಮತ್ತೊಂದು ಗುಂಡಿ. ಟ್ರೀಸೆಟ್ ಕನ್‌ಸ್ಟ್ರಕ್ಟರ್‌ಗೆ ಸಾರ್ಟೆಡ್‌ಸೆಟ್ (ಟ್ರೀಸೆಟ್‌ನಂಥ ಕ್ರಮಬದ್ಧ ಸೆಟ್) ಕೊಟ್ಟರೆ ಕಂಪ್ಯಾರೇಟರ್ ಜೊತೆಗೇ ಬರುತ್ತದೆ. ಅದೇ ವಸ್ತುವನ್ನು ಕಲೆಕ್ಷನ್ ಎಂದು ಘೋಷಿಸಿದ ವೇರಿಯಬಲ್ ಮೂಲಕ ಕೊಟ್ಟರೆ ಬೇರೆ ಕನ್‌ಸ್ಟ್ರಕ್ಟರ್ ಓಡಿ, ವಸ್ತುವಿನ ಕ್ಲಾಸ್ 'ಕಂಪೇರಬಲ್' ಮೂಲಕ ತಾನೇ ಹೇಳುವ ಸಹಜ ಕ್ರಮಕ್ಕೆ ಬೀಳುತ್ತದೆ. ಕ್ಲಾಸ್ 'ಕಂಪೇರಬಲ್' ಅಲ್ಲದಿದ್ದರೆ ಅಲ್ಲೇ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ ಬರುತ್ತದೆ, ಕಾರಣ ಹುಡುಕುವುದು ಸುಲಭ. ಕಂಪೇರಬಲ್ ಆಗಿದ್ದರೆ ಕ್ರಮ ತಪ್ಪಿದ್ದು ಗೊತ್ತಾಗುವುದೇ ತಡವಾಗಿ.

ಕೊಟ್ಟ ಪಟ್ಟಿಯಲ್ಲಿರುವುದನ್ನೆಲ್ಲ ಸೆಟ್‌ನಿಂದ ತೆಗೆಯುವ 'ರಿಮೂವ್‌ಆಲ್' ವಿಷಯ ಇನ್ನೂ ವಿಚಿತ್ರ. ಕೊಟ್ಟ ಪಟ್ಟಿ ಸೆಟ್‌ಗಿಂತ ಚಿಕ್ಕದಿದ್ದರೆ ಟ್ರೀಸೆಟ್‌ನ ಕಂಪ್ಯಾರೇಟರ್ ತೀರ್ಮಾನಿಸುತ್ತದೆ. ಇಲ್ಲದಿದ್ದರೆ ಪಟ್ಟಿಯ 'ಕಂಟೇನ್ಸ್', ಅಂದರೆ ಈಕ್ವಲ್ಸ್. ದೊಡ್ಡಕ್ಷರ-ಚಿಕ್ಕಕ್ಷರ ನೋಡದ ಕಂಪ್ಯಾರೇಟರ್ ಇದ್ದಾಗ ಪಟ್ಟಿಯ ಉದ್ದ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಇಂಥ ಕಡೆ ನಾನು ಪಟ್ಟಿಯ ಮೇಲೆ ಫಾರ್‌ಈಚ್ ಹಾಕಿ ಒಂದೊಂದೇ 'ರಿಮೂವ್' ಕರೆಯುತ್ತೇನೆ.

ಹಲವು ಥ್ರೆಡ್‌ಗಳು ಮುಟ್ಟುವುದಾದರೆ ಟ್ರೀಸೆಟ್ ಬೇಡ, ಕನ್‌ಕರೆಂಟ್‌ಸ್ಕಿಪ್‌ಲಿಸ್ಟ್‌ಸೆಟ್ ನೋಡಿ. 'ರಿಮೂವ್‌ಆಲ್'ನ ಈ ವಿಚಿತ್ರ ಬಿಟ್ಟರೆ ಕಂಪ್ಯಾರೇಟರ್ ಕುರಿತ ನಿಯಮ ಅಲ್ಲೂ ಇದೇ.