ಕಡಲ ನೀರಿನಲ್ಲಿ ಉಕ್ಕನ್ನು ಕೊರೆಯುವ ಲೋಳೆ: ಪತ್ತೆ ಹಚ್ಚುವುದು ಹೇಗೆ?

ಬಂದರಿನ ಉಕ್ಕಿನ ಕಂಬಗಳು ಉಪ್ಪಿನಿಂದಷ್ಟೇ ಸವೆಯುವುದಿಲ್ಲ. ಲೋಹ ಮುಳುಗಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಅದರ ಮೇಲೆ ನೆಲೆಯೂರಿ ಲೋಳೆಯ ಪದರ ಕಟ್ಟುತ್ತವೆ. ಇದೇ ಬಯೋಫಿಲ್ಮ್. ಮೇಲಿನ ಜೀವಿಗಳು ಆಮ್ಲಜನಕವನ್ನು ಮುಗಿಸಿಬಿಡುವುದರಿಂದ, ತಳದಲ್ಲಿ ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಹೆಚ್ಚಿಕೊಂಡು ಹೈಡ್ರೋಜನ್ ಸಲ್ಫೈಡ್ ಉತ್ಪಾದಿಸುತ್ತವೆ. ಅದು ಉಕ್ಕನ್ನು ಸವೆಸಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಉಂಟುಮಾಡುತ್ತದೆ. ಲೀಟರ್ ಕಡಲ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ಅವುಗಳಿಗೆ ಕೊರತೆಯೇ ಇಲ್ಲ.

ಮಲ್ಪೆ, ಕಾರವಾರದಂಥ ಕಡೆ ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಬಂದರಿನವರ ಅನುಮತಿ ಮೊದಲು ಪಡೆಯಿರಿ.

10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತುಂಡುಗಳನ್ನು ಎಮರಿ ಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ತೊಳೆದು, ಒಣಗಿಸಿ ತೂಗಿ. ನೈಲಾನ್ ಹಗ್ಗದಲ್ಲೇ ಇಳಿಬಿಡಿ. ತಂತಿ ಬಳಸಿದರೆ ಬೇರೆ ಲೋಹ ತಗುಲಿ ಲೆಕ್ಕವೇ ಕೆಡುತ್ತದೆ. ಇಳಿತದಲ್ಲೂ ತುಂಡು ಮುಳುಗಿರಬೇಕು. ಒಂದನ್ನು ನೀರಿಗೆ ಇಳಿಸದೆ ಒಣ ಡಬ್ಬಿಯಲ್ಲಿಡಿ.

ತಿಂಗಳ ಬಳಿಕ ಮೇಲೆತ್ತಿದೊಡನೆ, ಒದ್ದೆ ಇರುವಾಗಲೇ ನೋಡುವುದು ಬಹಳ ಮುಖ್ಯ. ಕಂದು ತುಕ್ಕಿನ ಗಂಟೊಂದನ್ನು ಮರದ ಕಡ್ಡಿಯಿಂದ ಮೆಲ್ಲನೆ ಎಬ್ಬಿಸಿ. ಅಡಿಯಲ್ಲಿ ಮಸಿಯಂಥ ಕಪ್ಪು ಕೆಸರು, ಅದರಡಿ ಹೊಳೆಯುವ ಲೋಹದ ಗುಳಿ ಕಂಡರೆ ಕಬ್ಬಿಣದ ಸಲ್ಫೈಡ್ ಇರುವ ಸಾಧ್ಯತೆ ಬಲವಾಗಿದೆ. ಗಾಳಿ ತಗುಲಿದರೆ ಈ ಕಪ್ಪು ಬೇಗ ಕಂದಾಗುತ್ತದೆ. ತಕ್ಷಣ ಫೋಟೊ ತೆಗೆಯಿರಿ. ಕೆಸರಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೈಡ್ ಖಚಿತ. ಆ ಅನಿಲ ವಿಷಕಾರಿ. ಬಯಲಿನಲ್ಲಿ ಮಾಡಿ, ಮೂಗು ಹತ್ತಿರ ಒಯ್ಯಬೇಡಿ.

ತುಕ್ಕು ತೆಗೆಯುವ ಕೆಲಸ ಅಧ್ಯಾಪಕರ ಎದುರಿನಲ್ಲೇ, ಹೊಗೆ ಹೀರುವ ಕಪಾಟಿನೊಳಗೆ ನಡೆಯಲಿ. 500 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರಿಗೆ ಸುರಿದು, 3.5 ಗ್ರಾಂ ಹೆಕ್ಸಾಮಿನ್ (ಆಮ್ಲ ಉಕ್ಕನ್ನೇ ತಿನ್ನದಂತೆ ತಡೆಯುವ ರಾಸಾಯನಿಕ) ಸೇರಿಸಿ ಒಟ್ಟು 1 ಲೀಟರ್ ಮಾಡಿ, ತುಂಡನ್ನು 10 ನಿಮಿಷ ಅದ್ದಿಡಿ. ಬಳಿಕ ತೊಳೆದು, ಒಣಗಿಸಿ ಮತ್ತೆ ತೂಗಿ. ಡಬ್ಬಿಯಲ್ಲಿಟ್ಟ ತುಂಡನ್ನೂ ಹೀಗೆಯೇ ಅದ್ದಿ, ಆಮ್ಲವೇ ತಿಂದ ತೂಕವನ್ನು ಕಳೆಯಿರಿ. 30 ದಿನಗಳಲ್ಲಿ 700 ಮಿ.ಗ್ರಾಂ. ಇಳಿದಿದ್ದರೆ ಸವೆತ ವರ್ಷಕ್ಕೆ ಸುಮಾರು 0.1 ಮಿ.ಮೀ.

ಈ ಸಂಖ್ಯೆಯನ್ನೇ ನಂಬಿ ಕೂರಬೇಡಿ. ಅದು ಇಡೀ ತುಂಡಿನ ಸರಾಸರಿ. ತೂತು ಬೀಳುವುದು ಗುಳಿಯಿಂದ. ಅತಿ ಆಳವಾದ ಗುಳಿಗಳನ್ನು ಡೆಪ್ತ್ ಗೇಜಿನಿಂದ ಅಳೆದು ಪ್ರತ್ಯೇಕವಾಗಿ ಬರೆದಿಡಿ. ಸತುವಿನ ಆನೋಡ್ (ಉಕ್ಕಿನ ಬದಲು ತಾನೇ ಸವೆದು ಅದನ್ನು ಕಾಯುವ ಲೋಹದ ತುಂಡು) ಕಟ್ಟಿದ ಕಂಬಗಳಿಗೆ ಈ ಬ್ಯಾಕ್ಟೀರಿಯಾ ಪತ್ತೆ ನೇರವಾಗಿ ಉಪಯುಕ್ತ: ಇಂಥ ಬ್ಯಾಕ್ಟೀರಿಯಾ ಇರುವಲ್ಲಿ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಅಳೆದಾಗ, ರಕ್ಷಣೆ ಸಿಗಲು ಉಕ್ಕಿನ ವಿದ್ಯುತ್ ವಿಭವ ಸಾಮಾನ್ಯ ಮಿತಿಯಾದ −0.80 ವೋಲ್ಟ್ ಬದಲು −0.90 ವೋಲ್ಟ್‌ಗೆ ಇಳಿದಿರಬೇಕು.