ನಾಯಿ ನೋಡುವ ಮೊದಲು ಮನೆ ನೋಡಿಕೊಂಡೆವು

ಬಂಟಿಯನ್ನು ಯಲ್ಲಾಪುರದ ಕಡೆ ನಮ್ಮ ಸಂಬಂಧಿಕರೊಬ್ಬರ ಅಡಿಕೆ ತೋಟಕ್ಕೆ ಬಿಟ್ಟು ವಾಪಸ್ ಬರುವಾಗ ಧಾರವಾಡ ಮುಟ್ಟುವ ತನಕ ಕಾರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಅವನ ಬೆಲ್ಟು ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಬಂಟಿ ನಮ್ಮ ಮೊದಲ ನಾಯಿ, ಬೀಗಲ್. ಹದಿನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದ. ತಪ್ಪು ಅವನದೇನೂ ಇರಲಿಲ್ಲ, ಅದಕ್ಕೇ ಹೆಚ್ಚು ಸಂಕಟ.

ಅವನನ್ನು ನಾವು ಆರಿಸಿದ್ದು ಹೇಗೆ ಅಂದರೆ, ಮಗಳ ಹುಟ್ಟುಹಬ್ಬದ ಹಿಂದಿನ ವಾರ ಯಾರೋ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿದರು, ಕಿವಿ ಚೆಂದ ಇದ್ದವು, ತಂದೆವು. ನಲವತ್ತು ದಿನದ ಮರಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂಬ ನಿಯಮ 2017ರಿಂದಲೇ ಇದೆ ಅನ್ನುವುದು ಕೊಟ್ಟವರಿಗೆ ಗೊತ್ತಿತ್ತೋ ಏನೋ, ನಮಗಂತೂ ಗೊತ್ತಿರಲಿಲ್ಲ.

ನಾನು ಹೈಸ್ಕೂಲ್ ಟೀಚರ್. ಎಂಟೂಮುಕ್ಕಾಲಿಗೆ ಮನೆ ಬಿಟ್ಟರೆ ಬರುವುದು ಐದಕ್ಕೆ. ಯಜಮಾನರಿಗೆ ಪಾಳಿ ಕೆಲಸ. ಮನೆಯಲ್ಲಿರುವವರು ಅತ್ತೆ ಒಬ್ಬರೇ. ಎಪ್ಪತ್ತೊಂದು ವರ್ಷ, ಮೊಣಕಾಲು ನೋವು, ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿ ಮಲಗಿದರೆ ಏಳುವುದು ನಾಲ್ಕಕ್ಕೆ. ನಾನು ಗೇಟು ದಾಟುತ್ತಿದ್ದಂತೆ ಬಂಟಿ ಶುರು ಮಾಡುತ್ತಿದ್ದ. ಅದು ಬೊಗಳುವುದಲ್ಲ, ಊಳಿಡುವುದೂ ಅಲ್ಲ. ಎರಡರ ನಡುವಿನ ಒಂದು ಕೂಗು, ಓಣಿಯ ಆ ತುದಿಗೂ ಕೇಳುವಂಥದ್ದು. ಪಕ್ಕದ ಮನೆಯವರ ತಂದೆಗೆ ಹೃದಯದ ಆಪರೇಷನ್ ಆಗಿತ್ತು. ಅವರು ಜಗಳ ಮಾಡಲಿಲ್ಲ. ದಿನಾ ಸಂಜೆ ಬಂದು, "ಇವತ್ತೂ ಭಾಳ ಕೂಗಿತ್ರಿ" ಅಂತ ಹೇಳಿ ಹೋಗುತ್ತಿದ್ದರು. ಜಗಳ ಮಾಡಿದ್ದರೆ ಎಷ್ಟೋ ವಾಸಿ ಇತ್ತು. ತರಬೇತಿಗೆ ಒಬ್ಬರನ್ನು ಗೊತ್ತು ಮಾಡಿದೆವು. ಕೂರು ಅಂದರೆ ಕೂರುವುದನ್ನು ಕಲಿತ, ಕೂಗುವುದನ್ನು ಬಿಡಲಿಲ್ಲ.

ಆಮೇಲೆ ಓದಿ ತಿಳಿದದ್ದು. ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದೇ ಬೆಳೆಸಿದ ಜಾತಿ. ಹಿಂಡು ಕಟ್ಟಿಕೊಂಡು ನೆಲಕ್ಕೆ ಮೂಗು ಹಚ್ಚಿ ವಾಸನೆ ಹಿಡಿದು ಓಡಬೇಕು, ಹಿಂದೆ ಬರುತ್ತಿರುವ ಬೇಟೆಗಾರರಿಗೆ ತಾನೆಲ್ಲಿದ್ದೇನೆಂದು ಕೂಗಿ ತಿಳಿಸಬೇಕು. ಹಿಂಡಿನಲ್ಲಿ ಇರಬೇಕಾದವನನ್ನು ಒಬ್ಬನೇ ಕೂಡಿಹಾಕಿ, ಕೂಗುವುದೇ ಕಸುಬಾದವನಿಗೆ ಸುಮ್ಮನಿರು ಅಂದಿದ್ದೆವು ನಾವು. ತೋಟದಲ್ಲಿ ಈಗ ಇನ್ನೂ ಮೂರು ನಾಯಿಗಳ ಜೊತೆ ಇದ್ದಾನೆ. ಕಾಡುಹಂದಿಯ ವಾಸನೆ ಬಂದರೆ ರಾತ್ರಿಯೆಲ್ಲ ಕೂಗುತ್ತಾನಂತೆ. ಅಲ್ಲಿ ಅದಕ್ಕೆ ಶಭಾಷ್ ಅನ್ನುತ್ತಾರೆ.

ಅದು 2024ರ ಫೆಬ್ರುವರಿ. "ಇನ್ನೊಮ್ಮೆ ನಾಯಿ ತರೂದಾದ್ರ ಮೊದ್ಲ ನನ್ನ ಕೇಳ್ರಿ" ಎಂದರು ಅತ್ತೆ. ತರಲೇಬೇಡಿ ಅನ್ನಲಿಲ್ಲವಲ್ಲ ಅಂತ ಮಗಳಿಗೆ ಅಷ್ಟಕ್ಕೇ ಖುಷಿ.

ಈ ಸಲ ಜಾತಿಗಳ ಫೋಟೊ ನೋಡುವ ಮೊದಲು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಬೆನ್ನು ತಿರುಗಿಸಿ ಫ್ರಿಜ್‌ಗೆ ಅಂಟಿಸಿದೆ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಂದು ಗೆರೆ. ಯಾರು ಮನೆಯಲ್ಲಿದ್ದಾರೆ, ಯಾರು ಎಚ್ಚರ ಇದ್ದಾರೆ, ಯಾರ ಕೈ ಖಾಲಿ ಇದೆ ಅನ್ನುವುದನ್ನು ಎರಡು ವಾರ ಬರೆದೆವು, ಏಕೆಂದರೆ ಪಾಳಿ ಬದಲಾದರೆ ಎಲ್ಲ ಬದಲಾಗುತ್ತದೆ. ನಾಯಿಗೆ ಕೊಡಲು ನಮ್ಮಲ್ಲಿ ಎಷ್ಟು ಹೊತ್ತಿದೆ ಅಂತ ಯಾರಾದರೂ ಕೇಳಿದ್ದರೆ ದಿನಕ್ಕೆ ಎರಡು ಗಂಟೆ ಅನ್ನುತ್ತಿದ್ದೆ. ಹಾಳೆಯಲ್ಲಿ ಸಿಕ್ಕಿದ್ದು ಬೆಳಿಗ್ಗೆ ಐದೂವರೆಯಿಂದ ಆರೂಕಾಲು, ಸಂಜೆ ಅರ್ಧ ಗಂಟೆ. ನಡುವೆ ಏಳು ಗಂಟೆ ಮನೆಯಲ್ಲಿ ಅತ್ತೆ ಮಾತ್ರ, ಅದರಲ್ಲಿ ಮೂರು ಗಂಟೆ ಅವರಿಗೂ ನಿದ್ದೆ. ಸಂಜೆಯದನ್ನು ಮಗಳು ಮಾಡುತ್ತೇನೆಂದಳು. ಹತ್ತು ವರ್ಷದ ಹುಡುಗಿಯ ಮಾತನ್ನು ನಾನು ಹಾಳೆಗೆ ಸೇರಿಸಲಿಲ್ಲ.

ಎರಡನೆಯದಾಗಿ, ಮರಿ ನೋಡಲು ಹೋಗುವುದಿಲ್ಲ ಅಂತ ನಿರ್ಧರಿಸಿದೆವು. ಯಾವ ಜಾತಿಯ ಮರಿಯಾದರೂ ಮುದ್ದಾಗಿಯೇ ಇರುತ್ತದೆ. ಬೆಳೆದ ನಾಯಿ ಇರುವ ಪರಿಚಯದವರ ಮನೆಗೆ ಹೋಗಿ ಒಂದೊಂದು ಗಂಟೆ ಕೂತು ಬಂದೆವು, ಅತ್ತೆಯನ್ನೂ ಕರೆದುಕೊಂಡು. ಸಹೋದ್ಯೋಗಿಯ ಮನೆಯ ಲ್ಯಾಬ್ರಡಾರ್ ಬಂಗಾರದಂಥ ನಾಯಿ. ಆದರೆ ಬಾಲ ಆಡಿಸಿದರೆ ಟೀಪಾಯಿ ಮೇಲಿನ ಕಪ್ಪು ನೆಲಕ್ಕೆ, ಪ್ರೀತಿಯಿಂದ ಮೈಮೇಲೆ ಬಿದ್ದರೆ ಅತ್ತೆ ನೆಲಕ್ಕೆ. ಮನೆಗೆ ಬಂದು ಕಪ್ಪು ಇಳಕಲ್ ಸೀರೆಯ ಮೇಲಿನ ಬಿಳಿ ಕೂದಲನ್ನು ಒಂದೊಂದಾಗಿ ಆರಿಸಿ ಅತ್ತೆ ನನ್ನ ಅಂಗೈಯಲ್ಲಿಟ್ಟರು. ಏನೂ ಹೇಳಲಿಲ್ಲ. ಪಗ್ ಇದ್ದ ಮನೆಗೆ ಹೋದದ್ದು ಏಪ್ರಿಲ್ ಮಧ್ಯಾಹ್ನ. ಅದು ಫ್ಯಾನಿನ ಕೆಳಗೆ ಮಲಗಿದ್ದರೂ ಗೊರಗೊರ ಉಸಿರಾಡುವುದನ್ನು ಕಂಡು ನನಗೇ ದಮ್ಮು ಕಟ್ಟಿದಂತಾಯಿತು. ಮೈದುನ ರಾಟ್‌ವೀಲರ್ ತನ್ನಿ, ಕಳ್ಳಕಾಕರ ಭಯ ಇರುವುದಿಲ್ಲ ಅಂತ ಹಠ ಹಿಡಿದಿದ್ದ. ಅದೇ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಜಾತಿಗಳಿಗೆ ನಿಷೇಧ ಹೇರಿ ಸುತ್ತೋಲೆ ಹೊರಡಿಸಿತು, ರಾಟ್‌ವೀಲರ್ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಮೈದುನ ಗೆದ್ದವನಂತೆ ಫೋನ್ ಮಾಡಿದ. ಕೋರ್ಟು ಸಾಕಬಹುದು ಅಂದಮಾತ್ರಕ್ಕೆ ಅದನ್ನು ಹಿಡಿದು ನಿಲ್ಲಿಸುವ ತೋಳು ನನಗೆ ಬರುವುದಿಲ್ಲ ಅಂದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಪಶುವೈದ್ಯರ ಜೊತೆಗಿನ ಹದಿನೈದು ನಿಮಿಷ. "ಯಾವ ನಾಯಿ ಒಳ್ಳೆಯದು?" ಅಂತ ಕೇಳಿದ್ದರೆ ಎಲ್ಲವೂ ಒಳ್ಳೆಯವೇ ಅನ್ನುತ್ತಿದ್ದರು. ನಾನು ಕೇಳಿದ್ದು, "ಯಾವ ಜಾತಿಯವು ನಿಮ್ಮ ಹತ್ತಿರ ಯಾವ ತ್ರಾಸಿಗೆ ಹೆಚ್ಚು ಬರ್ತಾವ್ರಿ?" ಲ್ಯಾಬ್ರಡಾರ್ ಅಂದರೆ ಬೊಜ್ಜು ಮತ್ತು ಕೀಲು, ಪಗ್ ಅಂದರೆ ಉಸಿರು ಮತ್ತು ಕಣ್ಣು, ಶಿಟ್ಜು ಅಂದರೆ ಚರ್ಮ, ಉಣ್ಣೆ ಹುಳ ಕಚ್ಚಿ ಬರುವ ಜ್ವರದ ಕಾಟ ಎಲ್ಲಕ್ಕೂ, ಅಂತ ಬೆರಳು ಮಡಚಿ ಹೇಳಿದರು. ಲ್ಯಾಬ್ರಡಾರ್ ಹಸಿದ ಮುಖ ಮಾಡುವುದು ಬರೀ ನಾಟಕವಲ್ಲವಂತೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡ ಹಾಗೆ, ಆ ಜಾತಿಯಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು ನಾಯಿಗೆ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನಿನಲ್ಲೇ ಕೊರತೆ ಇರುತ್ತದೆ. ನಮ್ಮ ಅತ್ತೆಯಂಥ, ಕೇಳಿದವರಿಗೆಲ್ಲ ರೊಟ್ಟಿ ಕೊಡುವ ಕೈ ಇರುವ ಮನೆಗೆ ಅದು ಬೇಡ ಅನ್ನಿಸಿತು.

ಎದ್ದು ಹೊರಡುವಾಗ ವೈದ್ಯರೇ ಅಂದರು, "ಮುಧೋಳ ನಾಯಿ ನೋಡ್ರಲ್ಲ."

ನಿಜ ಹೇಳಬೇಕೆಂದರೆ ಮುಧೋಳ ನನ್ನ ತಲೆಯಲ್ಲಿ ಇತ್ತು, ಆದರೆ ಅದನ್ನು ಹೊಲ ಇದ್ದವರ ನಾಯಿ ಅಂತ ಬದಿಗಿಟ್ಟಿದ್ದೆ. ನಮ್ಮ ಕಡೆಯ ನಾಯಿ ಎಂಬ ಅಭಿಮಾನವೇನೋ ಇದ್ದೇ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂದಿತ್ತು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಕಥೆಯನ್ನು ಬಾಗಲಕೋಟೆ ಕಡೆ ಹೇಳದವರಿಲ್ಲ. (ಅದು 1937ರಲ್ಲಿ ಅಂತ ಬರೆಯುವವರಿದ್ದಾರೆ. ಆ ದೊರೆ 1936ರ ಜನವರಿಯಲ್ಲೇ ತೀರಿಕೊಂಡಿದ್ದ!) ಆದರೆ ಅಭಿಮಾನಕ್ಕೆ ನಾಯಿ ತರುವುದೂ ಕಿವಿ ನೋಡಿ ತರುವುದೂ ಒಂದೇ ಅಂತ ಹೆದರಿಕೆ. ವೈದ್ಯರು ನನ್ನ ಲೆಕ್ಕ ತಿದ್ದಿದರು. ಮುಧೋಳದ್ದು ಕಣ್ಣಿನಿಂದ ಬೇಟೆಯಾಡುವ ಜಾತಿ. ಮೂಗು ಹಚ್ಚಿ ಗಂಟೆಗಟ್ಟಲೆ ಅಲೆಯುವುದಿಲ್ಲ. ಕಂಡಾಗ ಒಂದೆರಡು ನಿಮಿಷ ಪ್ರಾಣ ಬಿಟ್ಟು ಓಡಬೇಕು, ಆಮೇಲೆ ಮಲಗಬೇಕು. ಕೂಗಿ ಹೇಳುವ ಕೆಲಸವೂ ಅದಕ್ಕಿಲ್ಲ. ಬೆಳಿಗ್ಗೆ ಮುಕ್ಕಾಲು ಗಂಟೆ, ಆಮೇಲೆ ಉದ್ದಕ್ಕೆ ನಿದ್ದೆ ಅನ್ನುವುದು ನಮ್ಮ ಫ್ರಿಜ್ ಮೇಲಿನ ಹಾಳೆಯೇ ಆಗಿತ್ತು.

ಸವದತ್ತಿ, ಲೋಕಾಪುರ ದಾಟಿ ಮುಧೋಳಕ್ಕೆ ಎರಡು ಸಲ ಹೋದೆವು. ಅಲ್ಲೇ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಸುತ್ತಲಿನ ಹಳ್ಳಿಗಳಲ್ಲಿ ರೈತರೂ ಸಾಕುತ್ತಾರೆ. ನಾವು ಮರಿ ತಂದದ್ದು ಅಂಥ ಒಬ್ಬ ಹಿರಿಯರ ಮನೆಯಿಂದ. ಮೊದಲ ಸಲ ಅವರು ಮರಿ ತೋರಿಸಲೇ ಇಲ್ಲ. ಚಹಾ ಕೊಟ್ಟು ನಮ್ಮನ್ನೇ ವಿಚಾರಣೆ ಮಾಡಿದರು.

"ಮನ್ಯಾಗ ಬೆಕ್ಕ ಅದ ಏನ್ರೀ? ಆಜೂಬಾಜೂ ಕೋಳಿ ಸಾಕ್ಯಾರ?"

ಬೆಕ್ಕಿಲ್ಲ, ಕೋಳಿ ಇಲ್ಲ.

"ಕಂಪೌಂಡ ಎಷ್ಟ ಎತ್ತರ?"

ಐದು ಫೂಟು ಅಂದೆ. ನಕ್ಕರು. "ಅದು ನಿಮಗ ಕಂಪೌಂಡ್ರಿ. ಇದಕ್ಕ ಹೊಸ್ತಿಲ."

ತಾಯಿ ನಾಯಿ ಬೇವಿನ ಮರದ ಕೆಳಗೆ ಮಲಗಿತ್ತು. ನಾವು ಹತ್ತಿರ ಹೋದಾಗ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿತು. ಬೊಗಳಲಿಲ್ಲ, ಬಾಲವನ್ನೂ ಆಡಿಸಲಿಲ್ಲ, ಸುಮ್ಮನೆ ನೋಡಿತು. ಉದ್ದ ಮೂತಿ, ಬಿಲ್ಲಿನಂಥ ಬೆನ್ನು, ನಡು ಎಷ್ಟು ಸಣ್ಣ ಅಂದರೆ ಎರಡು ಕೈ ಸೇರಿಸಿ ಹಿಡಿಯಬಹುದೇನೋ ಅನ್ನಿಸುವಷ್ಟು. ಮಗಳು ಕೈ ಚಾಚಿ ಹತ್ತು ನಿಮಿಷ ಕೂತಳು, ಬರಲೇ ಇಲ್ಲ. ಬಂಟಿ ಇಷ್ಟೊತ್ತಿಗೆ ಮುಖವೆಲ್ಲ ನೆಕ್ಕಿರುತ್ತಿದ್ದ. "ಇದು ಬಂದಬಂದವ್ರಿಗೆಲ್ಲ ಮುದ್ದ ಮಾಡೂ ಜಾತಿ ಅಲ್ಲವ್ವ" ಎಂದರು ಅಜ್ಜ, "ಒಮ್ಮೆ ನಿಮ್ಮನ್ನ ಮನಿಯವ್ರು ಅಂದ್ರ ಮುಗೀತು, ಆದ್ರ ಅನ್ನಾಕ ಟೈಮ್ ತಗೋತದ." ಮಗಳ ಮುಖ ಸಣ್ಣದಾಯಿತು. ಇದೊಂದು ವಿಷಯದಲ್ಲಿ ನನಗೂ ಅಳುಕಿತ್ತು. ಒಂದು ತಿಂಗಳು ಅವಳಿಗೆ ಯೋಚಿಸಲು ಬಿಟ್ಟೆ. ಅಷ್ಟರಲ್ಲಿ ಕಂಪೌಂಡಿನ ಮೇಲೆ ಎರಡು ಫೂಟು ಜಾಲರಿ ಏರಿಸಿದೆವು, ಏಕೆಂದರೆ ಅವಳು ಬೇಡ ಅನ್ನುವುದಿಲ್ಲ ಅಂತ ಗೊತ್ತಿತ್ತು.

ಎರಡನೆಯ ಸಲ ಹೋದಾಗ ಮರಿಗಳಿಗೆ ಎರಡು ತಿಂಗಳು ತುಂಬಿತ್ತು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಿನ್ನುತ್ತಿದ್ದವು. ಕಾರಿನ ಕೀಲಿ ಗೊಂಚಲನ್ನು ಕಲ್ಲಿನ ಮೇಲೆ ಬೀಳಿಸಿದೆ. ಒಂದು ಓಡಿಹೋಗಿ ಹುಲ್ಲಿನ ಬಣವೆ ಹಿಂದೆ ಸೇರಿಕೊಂಡಿತು, ಸಂಜೆವರೆಗೂ ಬರಲಿಲ್ಲ. ಒಂದಕ್ಕೆ ಪರಿವೆಯೇ ಇಲ್ಲ. ಕಂದು ಬಣ್ಣದ ಹೆಣ್ಣುಮರಿಯೊಂದು ಬೆಚ್ಚಿ ಹಿಂದೆ ಹಾರಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ತಾನೇ ಬಂದು ಕೀಲಿಯನ್ನು ಮೂಸಿತು. ಅದೇ ಈಗ ನಮ್ಮ ಚಂದ್ರಿ.

ಎಲ್ಲ ಲೆಕ್ಕ ಹಾಕಿ ತಂದರೂ ಲೆಕ್ಕಕ್ಕೆ ಸಿಗದ್ದು ಇದ್ದೇ ಇತ್ತು. ಈ ಜಾತಿಗೆ ಕುತ್ತಿಗೆಗಿಂತ ತಲೆ ಸಣ್ಣ. ಹತ್ತನೇ ತಿಂಗಳಲ್ಲಿ ಬೆಕ್ಕೊಂದು ರಸ್ತೆ ದಾಟಿತು, ಚಂದ್ರಿ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಕಳಚಿಕೊಂಡಳು. ಖಾಲಿ ಬೆಲ್ಟು ಹಿಡಿದು ನಾನು ನಿಂತಿದ್ದೆ, ಅವಳು ಓಣಿಯ ತಿರುವು ದಾಟಿಯಾಗಿತ್ತು. ಎರಡು ಗಂಟೆ ಹುಡುಕಾಡಿ ಕೆಲಗೇರಿ ಕೆರೆಯ ದಂಡೆಯ ಮೇಲೆ ಸಿಕ್ಕಳು, ಕೆಸರು ಮೆತ್ತಿಕೊಂಡು, ಬಹಳ ತೃಪ್ತಿಯಿಂದ. ಮರುದಿನವೇ ಚಮ್ಮಾರರ ಹತ್ತಿರ ಎರಡು ಇಂಚು ಅಗಲದ, ಜಗ್ಗಿದರೆ ಬಿಗಿಯಾಗುವ ಬೆಲ್ಟು ಹೊಲಿಸಿದೆ. ಬಯಲಿನಲ್ಲಿ ಬಿಟ್ಟು ಓಡಿಸುವುದು ಸುತ್ತ ಗೋಡೆ ಇರುವ ಮೈದಾನದಲ್ಲಿ ಮಾತ್ರ. ಕರೆದರೆ ಬರುತ್ತಾಳೆ, ಓಡುವ ವಸ್ತು ಕಣ್ಣಿಗೆ ಬೀಳದಿದ್ದರೆ. ಸಂತಾನಹರಣ ಆಪರೇಷನ್‌ಗೆ ಮುಂಚೆ ಈ ತೆಳ್ಳಗಿನ ಬೇಟೆ ಜಾತಿಗಳು ಕೆಲವು ಅರಿವಳಿಕೆ ಔಷಧಗಳಿಂದ ತಡವಾಗಿ ಎಚ್ಚರಗೊಳ್ಳುತ್ತವೆ ಎಂದು ವೈದ್ಯರೇ ಎಚ್ಚರಿಸಿ ಔಷಧ ಆರಿಸಿದರು. ಬೇರೆ ಕಡೆ ಹೋಗಿದ್ದರೆ ನಾನೇ ನೆನಪಿಸಬೇಕಿತ್ತು.

ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಚಳಿ ತಡೆಯುವುದಿಲ್ಲ. ಧಾರವಾಡದ ಜುಲೈ ಮಳೆಗೆ ಒಂದಕ್ಕೆ ಹೋಗಲೂ ಹೊರಗೆ ಕಾಲಿಡುವುದಿಲ್ಲ, ಕೊಡೆ ಹಿಡಿದು ನಾನು ನಿಲ್ಲಬೇಕು. ಪಕ್ಕೆಲುಬು ಕಾಣುತ್ತವೆ ಅಂತ ಓಣಿಯವರು "ಊಟ ಹಾಕಂಗಿಲ್ಲೇನ್ರಿ ಪಾಪ" ಅನ್ನುವುದು ತಪ್ಪಿಲ್ಲ. ಹಿಂದಿನ ಎರಡು ಮೂರು ಎಲುಬು ಕಾಣಿಸುವುದೇ ಈ ಜಾತಿಯ ಆರೋಗ್ಯ ಅಂತ ಎಷ್ಟು ಜನರಿಗೆ ಹೇಳುವುದು. ಗಿಡ್ಡ ಕೂದಲಿನ ಲಾಭವೆಂದರೆ ಉಣ್ಣೆ ಬೇಗ ಕಣ್ಣಿಗೆ ಬೀಳುತ್ತದೆ. ವಾರಕ್ಕೆರಡು ಸಲ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿದರೆ ಮುಗಿಯಿತು.

ಒಂಬತ್ತರಿಂದ ಐದರವರೆಗೆ ಏನು ಮಾಡುತ್ತಾಳೆ ಅಂತ ಶುರುವಿನಲ್ಲಿ ಅತ್ತೆಗೆ ಫೋನ್ ಮಾಡಿ ಕೇಳುತ್ತಿದ್ದೆ. "ಮಲಗ್ಯಾಳ" ಅನ್ನುತ್ತಿದ್ದರು. ಒಂದು ಗಂಟೆ ಬಿಟ್ಟು ಮಾಡಿದರೂ "ಮಲಗ್ಯಾಳ." ಈಗ ಅವರ ದೂರೇ ಬೇರೆ: "ಗೇಟ್ ಸಪ್ಪಳಾದ್ರೂ ಬೊಗಳಂಗಿಲ್ಲ, ಎದ್ದು ನೋಡ್ತಾಳ ಅಷ್ಟ. ಕಳ್ಳನ್ನೂ ಹಿಂಗ ನೋಡಿ ಕಳಸ್ತಾಳ." ಹಾಗಂದವರೇ ಡಿಸೆಂಬರಿನಲ್ಲಿ ಹಳೆ ಸೀರೆ ತುಂಡುಗಳನ್ನು ಸೇರಿಸಿ ಅವಳಿಗೊಂದು ಕೌದಿ ಹೊಲಿದರು. ಪಕ್ಕದ ಮನೆಯವರು ಸಂಜೆ ಬರುವುದನ್ನು ಬಿಟ್ಟಿದ್ದಾರೆ. ಎದುರಿಗೆ ಸಿಕ್ಕಾಗ ಈಗಲೂ ನಾನೇ ತಲೆ ತಗ್ಗಿಸುತ್ತೇನೆ, ಅಭ್ಯಾಸ.

ಬೆಂಗಳೂರಿನ ತಂಗಿ ಇವಳನ್ನು ನೋಡಿ ತನಗೂ ನಾಯಿ ಬೇಕು ಅಂದಳು, ಅದೂ ಹಸ್ಕಿ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯಲು ಎರಡು ಪದರ ಕೂದಲು ಹೊತ್ತು ಹುಟ್ಟಿದ ನಾಯಿ, ಮಾರ್ಚ್ ತಿಂಗಳಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ! ಅವರ ಸೊಸೈಟಿಯಲ್ಲಿ ನಾಯಿ ಸಾಕಬಾರದು ಅಂದರೆ ಏನು ಮಾಡಲಿ ಅಂತ ಅವಳ ಚಿಂತೆ. ಹಾಗೆ ಅನ್ನಲು ಸಂಘಗಳಿಗೆ ಹಕ್ಕಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ, ಅದು ಬಿಡು, ಮೊದಲು ಹಾಳೆ ಅಂಟಿಸು ಅಂದೆ. ಎರಡು ವಾರವಾದ ಮೇಲೆ ಫೋಟೊ ಕಳಿಸಿದಳು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಂದು ಹೆಸರೂ ಇಲ್ಲ, ಹಾಳೆ ಖಾಲಿ. ಸದ್ಯ ನಾಯಿ ತರುವುದನ್ನು ಬಿಟ್ಟಿದ್ದಾಳೆ. ರಜೆಗೆ ಬಂದಾಗ ಐದೂವರೆಗೆ ಎದ್ದು ಚಂದ್ರಿಯನ್ನು ಮೈದಾನಕ್ಕೆ ಕರೆದೊಯ್ಯುವುದು ಅವಳೇ. ಮೂರನೆಯ ದಿನ ಮಾತ್ರ ಏಳುವುದಿಲ್ಲ.