ಆಣೆ ಆಮೇಲೆ, ಮೊದಲು ಮಾತ್ರೆ

ಕುಡಿತ ಬಿಡಬೇಕೆಂದು ಮೊದಲ ಸಲ ಬರುವವರು ಒಬ್ಬರೇ ಬರುವುದು ಕಡಿಮೆ. ಜೊತೆಗೆ ಹೆಂಡತಿಯೋ ಅಕ್ಕನೋ ಇರುತ್ತಾರೆ, ಮಾತೂ ಅವರದೇ. ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಆಸ್ಪತ್ರೆ ನಮ್ಮದು. ಲೈನ್ ಮನೆಯ ಕಾರ್ಮಿಕರೂ ಬರುತ್ತಾರೆ, ಮಾಲೀಕರೂ ಬರುತ್ತಾರೆ. ಮಾಲೀಕರು ಮಾತ್ರ ಚೀಟಿಯಲ್ಲಿ ಗ್ಯಾಸ್ಟ್ರಿಕ್ ಎಂದು ಬರೆಸಿರುತ್ತಾರೆ.

ಕಾಫಿ ಕೊಯ್ಲು ಮುಗಿದ ಮೇಲೆ ತೋಟದ ಲೆಕ್ಕ ಬರೆಯುವ ಒಬ್ಬ ರೈಟರ್ ಬಂದರು. ಅವರ ಅಕ್ಕ, "ನಿನ್ನೆ ರಾತ್ರಿ ಇಗ್ಗುತಪ್ಪನ ಮೇಲೆ ಆಣೆ ಮಾಡಿಸಿದ್ದೀನಿ ಡಾಕ್ಟ್ರೇ, ಇನ್ನು ಮುಟ್ಟಲ್ಲ" ಅಂದರು.

"ಅಣ್ಣ, ಕೊನೆಗೆ ಕುಡಿದದ್ದು ಯಾವಾಗ?"

"ನಿನ್ನೆ ಸಂಜೆ ಸಾರ್. ಸ್ವಲ್ಪ."

ಈ 'ಸ್ವಲ್ಪ'ವನ್ನು ನಾನು ನಂಬುವುದಿಲ್ಲ, ಪ್ಯಾಕೆಟ್ ಲೆಕ್ಕದಲ್ಲೇ ಕೇಳುತ್ತೇನೆ. ಎದ್ದ ಕೂಡಲೇ ತೊಂಬತ್ತು ಎಂ.ಎಲ್.ನ ಒಂದು ಪ್ಯಾಕೆಟ್, ಕೆಲಸ ಬಿಟ್ಟ ಮೇಲೆ ಮೂರು. 30 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ದಿನಕ್ಕೆ ಹತ್ತಿರ ಹತ್ತಿರ 120 ಗ್ರಾಂ ಆಯಿತು. ಕೈ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಟ್ಟೆ. ಅಂಚು ಪಟಪಟ ಅದುರಿತು.

ಇಂಥವರು ಮನೆಯಲ್ಲಿ ದಿಢೀರನೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬೆವರು, ಜ್ವರ, ಇಲ್ಲದ್ದು ಕಾಣುವುದು, ಜೀವಕ್ಕೇ ಅಪಾಯ. ಹಿಂದೆ ಬಿಟ್ಟಾಗ ಇವರಿಗೆ ಫಿಟ್ಸ್ ಬಂದಿತ್ತಂತೆ. ಅಲ್ಲಿಗೆ ಮನೆಗೆ ಕಳಿಸುವ ಮಾತೇ ಇಲ್ಲ, ಅಡ್ಮಿಟ್ ಮಾಡಿಕೊಂಡೆ.

"ಗ್ಲೂಕೋಸ್ ಹಾಕಿ" ಎಂದು ಅಕ್ಕನ ಒತ್ತಾಯ. ಮೊದಲು ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಡಿಸಿದೆ. ಬಿ1 ಬತ್ತಿದ ಮೈಗೆ ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟು ಬೀಳಬಹುದು. ಲಿವರ್ ಬಗ್ಗೆ ಅನುಮಾನವಿದ್ದುದರಿಂದ ನಡುಕ, ಫಿಟ್ಸ್ ತಡೆಯಲು ಲೊರಾಜೆಪಾಮ್ ಮಾತ್ರೆ ಆರಿಸಿಕೊಂಡು, ನಡುಕ ನೋಡಿಕೊಂಡು ದಿನದಿನಕ್ಕೆ ಇಳಿಸಿದೆ.

ಉಪದೇಶ ಮಾಡಲಿಲ್ಲ. ಮದುವೆಗೂ ಹುತ್ತರಿಗೂ ಗ್ಲಾಸ್ ಮುಂದಿಡುವ ಊರಿನಲ್ಲಿ ಅದು ಅವರು ಸಾಕಷ್ಟು ಕೇಳಿದ್ದೇ. "ಬಿಟ್ಟರೆ ನಿಮಗೇನು ಸಿಗಬೇಕು?" ಎಂದಷ್ಟೇ ಕೇಳಿದೆ. "ನಿದ್ದೆ ಬರಬೇಕು ಸಾರ್. ಮಗಳು ಫೋನ್ ಎತ್ತಬೇಕು." ಕೇಸ್ ಶೀಟಿನಲ್ಲಿ ಎರಡನ್ನೂ ಬರೆದುಕೊಂಡೆ.

ಡಿಸ್ಚಾರ್ಜ್ ದಿನ ಅಕ್ಕ ಪಕ್ಕಕ್ಕೆ ಕರೆದು, ಗೊತ್ತಾಗದಂತೆ ಸಾರಿಗೆ ಬೆರೆಸುವ ಮಾತ್ರೆ ಕೇಳಿದರು. ಅವರು ಕೇಳಿದ್ದು ಡೈಸಲ್ಫಿರಾಮ್, ಕುಡಿದರೆ ಮೈಗೆ ಆಗದಂತೆ ಮಾಡುವ ಮಾತ್ರೆ. ಅದನ್ನು ತಿಂದದ್ದು ಗೊತ್ತಿಲ್ಲದೆ ಕುಡಿದರೆ ಬಿ.ಪಿ. ಕುಸಿದು ಪ್ರಾಣವೇ ಹೋಗಬಹುದು. ಸುತಾರಾಂ ಕೊಡುವುದಿಲ್ಲ ಅಂದೆ. ಕಿಡ್ನಿ ಪರೀಕ್ಷೆ ಸರಿಯಿತ್ತು, ಹಾಗಾಗಿ ರೈಟರಿಗೇ ತಿಳಿಸಿ, ಕುಡಿಯುವ ಚಪಲ ತಗ್ಗಿಸುವ ಅಕಾಂಪ್ರೊಸೇಟ್ ಬರೆದೆ: 333 ಮಿ.ಗ್ರಾಂ.ನ ಎರಡೆರಡು ಮಾತ್ರೆ, ಮೂರು ಹೊತ್ತು. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ ಮಾತ್ರವಂತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಅನ್ನು ಅಕ್ಕನ ಫೋನಿನಲ್ಲೂ ಸೇವ್ ಮಾಡಿಸಿ, ಮುಂದಿನ ವಾರಕ್ಕೆ ಬರಹೇಳಿದೆ.